ವ್ಯಾನಿಗೆ ಮೂರನೇ ಆಕ್ಸಲ್ ಹಾಕಿಸುವ ಮುನ್ನ ಕಾಟಾ ಹತ್ತಿಸಿ

ಪ್ರಶ್ನೆ: ನಮ್ಮದು ಮದುವೆ ಅಡುಗೆಯ ಕಂಟ್ರಾಕ್ಟು. ವ್ಯಾನಿನ ಹಿಂತುದಿಯಲ್ಲಿ 150 ಕಿಲೋ ಜನರೇಟರು, 200 ಲೀಟರ್ ನೀರಿನ ಟ್ಯಾಂಕು ಇವೆ. ಸಾಮಾನು ತುಂಬಿದರೆ ಹಿಂದೆ ಕುಸಿಯುತ್ತದೆ, ಸ್ಟಿಯರಿಂಗ್ ತೀರಾ ಹಗುರಾಗುತ್ತದೆ. ಬಾಡಿ ಕಟ್ಟುವವರು ಹಿಂದೆ ಡಮ್ಮಿ ಆಕ್ಸಲ್ (ಎಂಜಿನಿನ ಎಳೆತವಿಲ್ಲದೆ ಸುಮ್ಮನೆ ಉರುಳುವ ಆಕ್ಸಲ್) ಹಾಕಿ ಆರು ಚಕ್ರ ಮಾಡಿಕೊಡುತ್ತೇವೆ ಎನ್ನುತ್ತಾರೆ. ಮಾಡಿಸಲೇ? (ಚಿಂಚವಡದ ಓದುಗರು)

ಉತ್ತರ: ಖಂಡಿತ ಬೇಡ. ನೀವು ಬರೆದ ಲಕ್ಷಣ ನೋಡಿದರೆ ವ್ಯಾನಿಗೆ ಚಕ್ರ ಸಾಲದೆ ಬಂದ ತೊಂದರೆ ಇದಲ್ಲ, ಭಾರ ಕೂತ ಜಾಗ ತಪ್ಪಿದೆ. ವೀಲ್‌ಬೇಸ್, ಅಂದರೆ ಮುಂದಿನ ಆಕ್ಸಲಿನಿಂದ ಹಿಂದಿನದಕ್ಕಿರುವ ದೂರ, 3350 ಮಿ.ಮೀ. ಎಂದಿಟ್ಟುಕೊಳ್ಳಿ. ಹಿಂದಿನ ಆಕ್ಸಲಿನಿಂದ ಒಂದು ಮೀಟರ್ ಆಚೆ 350 ಕಿಲೋ ಕೂತರೆ ಅದು ಮಕ್ಕಳಾಡುವ ಸೀ-ಸಾ ಹಲಗೆಯ ಹಾಗೆ ಮುಂದಿನ ಚಕ್ರಗಳ ಮೇಲಿನ 104 ಕಿಲೋ ಎತ್ತಿಬಿಡುತ್ತದೆ. ಆ 104 ಸಹ ಹಿಂದಕ್ಕೇ ಬಂದು ಹಿಂದಿನ ಆಕ್ಸಲಿಗೆ 454 ಕಿಲೋ ಬೀಳುತ್ತದೆ. ಅದೇ ಟ್ಯಾಂಕು, ಜನರೇಟರನ್ನು ಆಕ್ಸಲಿನಿಂದ ಒಂದು ಮೀಟರ್ ಮುಂದಕ್ಕೆ ತನ್ನಿ: ಹಿಂದೆ 246, ಮುಂದೆ 104. ಹಿಂದಿನ ಆಕ್ಸಲಿಗೆ 208 ಕಿಲೋ ಹಗುರಾಯಿತು, ಸ್ಟಿಯರಿಂಗಿಗೂ ಹಿಡಿತ ಬಂತು.

ಮೊದಲು ಮಾಡಬೇಕಾದ್ದು ಇಷ್ಟು. ಡೀಸೆಲ್, ನೀರು, ಪಾತ್ರೆ, ಆಳು ಎಲ್ಲ ತುಂಬಿದ ವ್ಯಾನನ್ನು ಕಾಟಾಕ್ಕೆ (ಗಾಡಿ ತೂಗುವ ಕಟ್ಟೆಗೆ) ಒಯ್ಯಿರಿ. ಮುಂದಿನ ಚಕ್ರ ಮಾತ್ರ ಹತ್ತಿಸಿ ಒಂದು ಚೀಟಿ, ಪೂರ್ತಿ ಹತ್ತಿಸಿ ಒಂದು, ಹಿಂದಿನ ಚಕ್ರ ಮಾತ್ರ ನಿಲ್ಲಿಸಿ ಇನ್ನೊಂದು. ಮುಂದಿನದೂ ಹಿಂದಿನದೂ ಕೂಡಿದರೆ ಹೆಚ್ಚುಕಡಿಮೆ ಪೂರ್ತಿ ತೂಕ ಬರಬೇಕು. ಬರದಿದ್ದರೆ ಕಾಟಾದ ಆಚೀಚಿನ ನೆಲ ಸಮತಟ್ಟಿಲ್ಲ, ಬೇರೆ ಕಡೆ ತೂಗಿಸಿ. ಈ ಅಂಕಿಗಳನ್ನು ಆರ್‌ಸಿಯಲ್ಲಿರುವ (ನೋಂದಣಿ ಪತ್ರದಲ್ಲಿರುವ) ಆಕ್ಸಲ್ ತೂಕ, ಒಟ್ಟು ತೂಕದ ಜೊತೆ ಇಟ್ಟು ನೋಡಿ. ಒಟ್ಟು ತೂಕವೇ ಮೀರಿದ್ದರೆ ಜಾಗ ಬದಲಿಸಿ ಪ್ರಯೋಜನವಿಲ್ಲ. ನೀರನ್ನು ಮಂಟಪದಲ್ಲೇ ತುಂಬಿಸಿಕೊಳ್ಳಿ, ಇಲ್ಲವೇ ಹೆಚ್ಚು ತೂಕಕ್ಕೆ ಕಂಪನಿಯಿಂದಲೇ ಪಾಸಾದ ಗಾಡಿ ಕೊಳ್ಳಿ. ಸ್ಪ್ರಿಂಗಿಗೆ ಒಂದು ಪ್ಲೇಟು ಸೇರಿಸಿದರೆ ಬಾಡಿ ಎದ್ದು ನಿಲ್ಲುತ್ತದೆ, ಅಷ್ಟೇ. ಬೇರಿಂಗು, ಟೈರು, ಬ್ರೇಕಿನ ತಾಕತ್ತು ಮೊದಲಿನಷ್ಟೇ ಇರುತ್ತದೆ.

ಕಾನೂನೂ ಅಡ್ಡ ಬರುತ್ತದೆ. ಕಂಪನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಅದೇ ಕಾಯ್ದೆಯ 182ಎ ಕಲಂ ಪ್ರಕಾರ ಮಾಲೀಕರಿಗೆ 6 ತಿಂಗಳವರೆಗೆ ಸೆರೆ, ಅಥವಾ ಪ್ರತಿ ಬದಲಾವಣೆಗೆ 5,000 ರೂ. ದಂಡ, ಅಥವಾ ಎರಡೂ. ಅಪಘಾತವಾದ ದಿನ ವಿಮೆಯವರು ಮೊದಲು ಕೈ ಇಡುವುದೂ ಇಂಥ ಬದಲಾವಣೆಯ ಮೇಲೆಯೇ.

ಪ್ರಶ್ನೆ: ಯುರೋಪಿನ ಮೋಟರ್‌ಹೋಮ್‌ಗಳಲ್ಲಿ ಹಿಂದೆ ಎರಡು ಆಕ್ಸಲ್ ಇರುವುದನ್ನು ವಿಡಿಯೋದಲ್ಲಿ ನೋಡಿದೆ. ಅಲ್ಲಿ ಆಗುವುದು ಇಲ್ಲೇಕೆ ಆಗದು? (ಡೊಂಬಿವಲಿಯ ಓದುಗರು)

ಉತ್ತರ: ಅಲ್ಲಿ ಈ ಕೆಲಸಕ್ಕೆ ಹೆಚ್ಚಾಗಿ ಒಗ್ಗುವುದು ಫಿಯಟ್ ಡುಕಾಟೊದಂಥ ವ್ಯಾನು. ಅದರ ಎಂಜಿನು ಎಳೆಯುವುದು ಮುಂದಿನ ಚಕ್ರಗಳನ್ನು, ಹಿಂದಿನವು ಸುಮ್ಮನೆ ಉರುಳುತ್ತವೆ. ಹಾಗಾಗಿ ಕ್ಯಾಬಿನ್ನಿನ ಹಿಂದೆ ಆಲ್-ಕೋ ಕಂಪನಿಯ ಬೇರೆಯೇ ಚಾಸಿ ಬೋಲ್ಟು ಹಾಕಿ ಕೂರಿಸುತ್ತಾರೆ. ಆಕ್ಸಲ್, ಬ್ರೇಕು, ಒಟ್ಟು ತೂಕ ಎಲ್ಲಕ್ಕೂ ಸೇರಿ ಪರೀಕ್ಷೆಯಾಗಿರುತ್ತದೆ.

ನಮ್ಮ ಫೋರ್ಸ್ ಟ್ರಾವೆಲರಿನಲ್ಲಿ ಎಳೆಯುವುದು ಹಿಂದಿನ ಚಕ್ರ. ಅದರ ಹಿಂದೆ ಡಮ್ಮಿ ಕೂರಿಸಿದರೆ ಎಳೆಯುವ ಚಕ್ರದ ಮೇಲಿನ ಭಾರವನ್ನು ಡಮ್ಮಿ ಕಸಿದುಕೊಳ್ಳುತ್ತದೆ. ಮಳೆಯಲ್ಲಿ ಖಂಡಾಲಾ ಘಾಟು ಹತ್ತುವಾಗ ಚಕ್ರ ನಿಂತಲ್ಲೇ ತಿರುಗಲು ಅಷ್ಟು ಸಾಕು.

ಇನ್ನೊಂದು ದೋಷ ಹಂಪಿನ ಮೇಲೆ ಕಾಣುತ್ತದೆ. ಎರಡು ಆಕ್ಸಲಿನ ಸ್ಪ್ರಿಂಗುಗಳನ್ನು ಬೇರೆಬೇರೆಯಾಗಿ ಕಟ್ಟಿದ್ದರೆ, ಒಂದು ಹಂಪು ಹತ್ತಿದಾಗ ಇನ್ನೊಂದು ನೆಲಬಿಟ್ಟಂತಾಗಿ ಇಬ್ಬರ ಹೊರೆಯನ್ನೂ ಒಂದೇ ಹೊರುತ್ತದೆ. ಸರಿಯಾದ ಟ್ಯಾಂಡಮ್‌ನಲ್ಲಿ (ಜೋಡಿ ಆಕ್ಸಲಿನಲ್ಲಿ) ಎರಡು ಸ್ಪ್ರಿಂಗುಗಳ ನಡುವೆ ನಡುಮಧ್ಯೆ ಪಿನ್ ಇರುವ ಈಕ್ವಲೈಸರ್ ಎಂಬ ತೂಗುದಂಡ ಇರುತ್ತದೆ, ಅಥವಾ ಸ್ಪ್ರಿಂಗಿನ ಬದಲಿನ ಗಾಳಿಚೀಲಗಳಾದ ಏರ್ ಬೆಲ್ಲೋಸ್‌ಗಳಿಗೆ ಒಂದೇ ಗಾಳಿಕೊಳವೆ ಇರುತ್ತದೆ. ಒಂದು ಏರಿದಷ್ಟು ಇನ್ನೊಂದು ಇಳಿದು ಭಾರ ಹಂಚಿಕೊಳ್ಳುತ್ತವೆ.

ಟೈರೂ ಸವೆಯುತ್ತದೆ. 215/75 ಆರ್15 ಟೈರಿನ ವ್ಯಾಸ ಸುಮಾರು 704 ಮಿ.ಮೀ. ನಡುವೆ ಜಾಗ ಬಿಟ್ಟರೆ ಆಕ್ಸಲುಗಳು 800 ಮಿ.ಮೀ.ಗಿಂತ ಹತ್ತಿರ ಬರಲಾರವು. ಯೂ-ಟರ್ನಿನಲ್ಲಿ ಈ ನಾಲ್ಕು ಚಕ್ರ ಒಂದೇ ಬಿಂದುವಿನ ಸುತ್ತ ಉರುಳಲಾರದೆ ಅಡ್ಡಕ್ಕೆ ಉಜ್ಜುತ್ತವೆ. ಬ್ರೇಕಿನ ವಿಷಯದಲ್ಲಿ, ಚಕ್ರದಲ್ಲಿ ಬ್ರೇಕು ಒತ್ತುವ ವೀಲ್ ಸಿಲಿಂಡರು ಎರಡು ಹೆಚ್ಚಾದರೆ ಪೆಡಲಿನ ಬಳಿಯ ಹಳೇ ಮಾಸ್ಟರ್ ಸಿಲಿಂಡರ್ ತಳ್ಳುವ ಎಣ್ಣೆ ಸಾಲದೆ ಪೆಡಲ್ ಕೆಳಗಿಳಿಯುತ್ತದೆ. ಬ್ರೇಕೇ ಇಲ್ಲದ ಡಮ್ಮಿಯಂತೂ ಇನ್ನೂ ಅಪಾಯ.

ಪ್ರಶ್ನೆ: ಹೀಗೆ ಆಕ್ಸಲ್ ಸೇರಿಸಿದ ಹಳೇ ವ್ಯಾನು ಅಗ್ಗಕ್ಕೆ ಸಿಗುತ್ತಿದೆ. ಏನು ನೋಡಬೇಕು? (ಮಡಗಾಂವದ ಓದುಗರು)

ಉತ್ತರ: ಮೊದಲು ಆರ್‌ಸಿ. ಅದರಲ್ಲಿ ಎರಡೇ ಆಕ್ಸಲ್ ನಮೂದಾಗಿದ್ದರೆ ಬೆಲೆ ಎಷ್ಟೇ ಇರಲಿ, ಬಿಟ್ಟುಬಿಡಿ. ಈಗಾಗಲೇ ಕೊಂಡಿದ್ದರೆ ಓಡಿಸಬೇಡಿ, ಮೂಲ ಸ್ಥಿತಿಗೆ ತಂದ ಮೇಲೆಯೇ ಪಾಸಿಂಗಿಗೆ (ಫಿಟ್‌ನೆಸ್ ಪರೀಕ್ಷೆಗೆ) ಒಯ್ಯಿರಿ. ಆಕ್ಸಲ್ ಬಿಚ್ಚಿದ ಮೇಲೆ ಚಾಸಿಯನ್ನು ತೊಳೆದು ಒಣಗಿಸಿ, ಟಾರ್ಚು ಹಿಡಿದು ವೆಲ್ಡಿಂಗಿನ ತುದಿಗಳನ್ನೇ ನೋಡಿ. ಬಿರುಕು ಹುಟ್ಟುವುದು ಅಲ್ಲಿ: ದಪ್ಪ ಪಟ್ಟಿ ಮುಗಿದು ತೆಳು ಚಾಸಿ ಶುರುವಾಗುವ ಗೆರೆಯಲ್ಲಿ. ಬಣ್ಣದ ಮೇಲೆ ಕೂದಲೆಳೆಯಷ್ಟು ಕೆಂಪು ತುಕ್ಕಿನ ಗೆರೆ ಕಂಡರೆ ಒಳಗೆ ಕಬ್ಬಿಣ ಸೀಳಿದೆಯೆಂದೇ ತಿಳಿಯಿರಿ. ಚಾಸಿಯ ಮೇಲಂಚು, ಕೆಳಂಚಿನಲ್ಲಿ ಕೊರೆದ ತೂತು ಇದ್ದರೂ ಅಷ್ಟೇ ಕೆಟ್ಟದ್ದು, ಹೆಚ್ಚಿನ ಒತ್ತಡ ಹೊರುವುದು ಆ ಅಂಚುಗಳೇ.

ಪ್ರಶ್ನೆ: ಆಕ್ಸಲ್ ಬೇಡ, ಹಿಂದೆ ಜೋಡಿ ಟೈರು ಹಾಕಿದರೆ? (ಠಾಣೆಯ ಓದುಗರು)

ಉತ್ತರ: ಲಾರಿಯವರು ಆರು ಚಕ್ರ ಎನ್ನುವುದು ಇದನ್ನೇ. ಆದರೆ ಕಂಪನಿಯಿಂದ ಜೋಡಿ ಟೈರಿನಲ್ಲೇ ಬಂದ ಗಾಡಿಗೆ ಹಬ್ಬು (ಚಕ್ರ ಕೂರುವ ನಡುಭಾಗ), ಸ್ಟಡ್ಡು (ಚಕ್ರದ ಬೋಲ್ಟು), ರಿಮ್ಮಿನ ಆಳ ಎಲ್ಲ ಬೇರೆ. ಒಂಟಿ ಟೈರಿನ ಹಬ್ಬಿಗೆ ಸ್ಪೇಸರ್ ಎಂಬ ದಪ್ಪ ಬಿಲ್ಲೆ ಇಟ್ಟು ಎರಡನೆಯದನ್ನು ಸಿಕ್ಕಿಸಿದರೆ ಭಾರ ಬೇರಿಂಗಿನಿಂದ ಹೊರಕ್ಕೆ ಸರಿದು ಬೇರಿಂಗು ಬೇಗ ಹೋಗುತ್ತದೆ. 52ನೇ ಕಲಂ ಇದಕ್ಕೂ ಅನ್ವಯಿಸುತ್ತದೆ. ಕಂಪನಿಯ ಜೋಡಿ ಟೈರಿನ ಗಾಡಿ ಇದ್ದವರು ಒಳಗಿನ ಟೈರಿನ ಗಾಳಿಯನ್ನು ಗೇಜಿನಿಂದಲೇ ನೋಡಿ. ಅದು ಇಳಿದರೆ ಹೊರಗಿನದು ಪೂರ್ತಿ ಭಾರ ಹೊತ್ತು ಬಿಸಿಯಾಗುತ್ತದೆ, ನೋಡಲು ಮಾತ್ರ ಎರಡೂ ಸರಿಯಿದ್ದಂತೆಯೇ ಕಾಣುತ್ತವೆ.