ಒಂದ್ ಇಂಜೆಕ್ಷನ್ ಮಾಡಿಸಿದ್ರ ಉಣ್ತಾಳೇನ್ರಿ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ, ಊಟದ ಕಾಯಿಲೆಗೆ ಕೆಟಮಿನ್ ಎಂಬ ಅರಿವಳಿಕೆ ಔಷಧ ಕೊಡಿಸುವ ಬಗ್ಗೆಯೇ. ಮೊಬೈಲಿಗೆ ಬಂದ ಜಾಹೀರಾತಿನ ಫೋಟೊ ಎಲ್ಲರೂ ಲಗತ್ತಿಸಿದ್ದಾರೆ. ನಾಡಿ ಎಷ್ಟಿದೆ, ಮುಟ್ಟು ನಿಂತು ಎಷ್ಟು ತಿಂಗಳಾಯಿತು ಎಂದು ಮಾತ್ರ ಒಬ್ಬರೂ ಬರೆದಿಲ್ಲ. ಹಾಗಾಗಿ ಒಂದು ಪತ್ರಕ್ಕೆ ಉದ್ದದ ಉತ್ತರ, ಉಳಿದವಕ್ಕೆ ಚುಟುಕು.

ಪ್ರಶ್ನೆ: ಮಗಳಿಗೆ 19 ವರ್ಷ, ಬೆಳಗಾವಿಯ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು. ಆಟಿಸಂ ಇದೆ ಎಂದು ಹೋದ ವರ್ಷ ಗೊತ್ತಾಯಿತು. ಎತ್ತರ 160 ಸೆಂ.ಮೀ., ತೂಕ 36 ಕೆ.ಜಿ.ಗೆ ಇಳಿದಿದೆ. ವಾರಕ್ಕೆ ಮೂರು ದಿನ ಒಪ್ಪತ್ತು ಹಿಡಿಯುತ್ತಾಳೆ. ಕೆಟಮಿನ್ ಕೊಟ್ಟು ಮನೋಚಿಕಿತ್ಸೆ ಮಾಡಿದರೆ ಆರೇ ಸಲಕ್ಕೆ ಊಟದ ಕಾಯಿಲೆ ಹೋಗುತ್ತದೆ ಎಂದು ಒಂದು ಕ್ಲಿನಿಕ್‌ನವರು ಹೇಳುತ್ತಿದ್ದಾರೆ. ಕರೆದುಕೊಂಡು ಹೋಗಲೇನು? — ಗೋಕಾಕದ ತಾಯಿ

ಉತ್ತರ: ಈಗ ಬೇಡ. ಆ ಕ್ಲಿನಿಕ್ಕಿಗಂತೂ ಯಾವಾಗಲೂ ಬೇಡ. ‘ಆರು ಸಲಕ್ಕೆ ಹೋಗುತ್ತದೆ’ ಎಂದು ಬರೆದುಕೊಡುವವರಿಗೆ ಈ ಕಾಯಿಲೆಯೂ ಗೊತ್ತಿಲ್ಲ, ಈ ಔಷಧವೂ ಗೊತ್ತಿಲ್ಲ.

ನಿಮ್ಮ ಮಗಳ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಅಳತೆ, 14; ತೀರಾ ಕಡಿಮೆ. ನಾಳೆ ಬೆಳಿಗ್ಗೆಯೇ ಗೋಕಾಕದಲ್ಲೇ ಇಷ್ಟು ಮಾಡಿಸಿ: ಇಸಿಜಿ, ಪೊಟ್ಯಾಸಿಯಂ, ಫಾಸ್ಫೇಟ್, ಮೆಗ್ನೀಸಿಯಂ, ಸಕ್ಕರೆ, ಮಲಗಿದಾಗೊಮ್ಮೆ ನಿಂತಾಗೊಮ್ಮೆ ಬಿಪಿ. ಫಾಸ್ಫೇಟ್ ಬೇಕೆಂದು ಬಾಯಿಬಿಟ್ಟು ಕೇಳಿ, ಮಾಮೂಲಿ ರಕ್ತಪರೀಕ್ಷೆಯ ಪಟ್ಟಿಯಲ್ಲಿ ಅದು ಇರುವುದಿಲ್ಲ. ಮನೆಯಲ್ಲಿ ಕುಕ್ಕರಗಾಲಲ್ಲಿ ಕೂರಿಸಿ, ಕೈಯೂರದೆ ಏಳಲು ಹೇಳಿ, ನೀವು ಪಕ್ಕದಲ್ಲೇ ನಿಂತಿರಿ. ಏಳಲಾಗದಿದ್ದರೆ, ನಾಡಿ ನಿಮಿಷಕ್ಕೆ 40ಕ್ಕಿಂತ ಕೆಳಗಿದ್ದರೆ, ಪೊಟ್ಯಾಸಿಯಂ 3ಕ್ಕಿಂತ ಕಡಿಮೆ ಬಂದರೆ, ಎದ್ದು ನಿಂತಾಗ ಕಣ್ಣಿಗೆ ಕತ್ತಲೆ ಬಂದು ಬಿದ್ದರೆ ಅಂದೇ ಆಸ್ಪತ್ರೆಗೆ ಸೇರಿಸಿ. ಇಷ್ಟು ದಿನ ಉಪವಾಸವಿದ್ದವಳಿಗೆ ಹೆದರಿಕೆಯಿಂದ ಒಮ್ಮೆಲೇ ಹೋಳಿಗೆ ತುಪ್ಪ ಉಣಿಸಬೇಡಿ. ಒಮ್ಮಿಂದೊಮ್ಮೆಲೇ ಪಿಷ್ಟ ಹೋದರೆ ಇನ್ಸುಲಿನ್ ಏರಿ, ರಕ್ತದ ಫಾಸ್ಫೇಟ್ ಜೀವಕೋಶಗಳೊಳಗೆ ಸರಿದು ಹೃದಯವೇ ಕೈಕೊಡಬಹುದು. ಮೊದಲು ಥಯಾಮಿನ್ (ವಿಟಮಿನ್ ಬಿ1), ಆಮೇಲೆ ಅಳತೆಯ ಊಟ, ಮೊದಲ ವಾರ ದಿನಾಲೂ ರಕ್ತಪರೀಕ್ಷೆ.

ಇನ್ನು ಜಾಹೀರಾತಿನವರು ಕೇಳದ ಪ್ರಶ್ನೆ: ಇದು ಯಾವ ಊಟದ ಕಾಯಿಲೆ? ತಾಟಿನ ಮುಂದೆ ಕೂತು ನೋಡಿ. ಕಡಕ್ ರೊಟ್ಟಿ ತಿನ್ನುತ್ತಾಳೆ, ಬಿಸಿ ಮೆತ್ತನೆಯದನ್ನು ಮುಟ್ಟುವುದಿಲ್ಲ, ಪುಂಡಿಪಲ್ಯದ ಲೋಳೆ ಕಂಡರೆ ಓಕರಿಸುತ್ತಾಳೆ, ಬಿಸ್ಕತ್ತಿನ ಪ್ಯಾಕೆಟ್ಟಿನ ಬಣ್ಣ ಬದಲಾದರೂ ಬೇಡ ಅನ್ನುತ್ತಾಳೆ, ತೂಕ ಏರಿದರೆ ಅವಳಿಗೆ ಬೇಸರವಿಲ್ಲ. ಹೀಗಿದ್ದರೆ ಅದು ಆರ್ಫಿಡ್, ಆಹಾರದ ಸ್ವರೂಪಕ್ಕೇ ಹೇಸುವ ಕಾಯಿಲೆ. ಇದಕ್ಕೆ ಕೆಟಮಿನ್ ಕೊಡಲು ಯಾವ ಆಧಾರವೂ ಇಲ್ಲ. ರೊಟ್ಟಿ ಮುರಿದು ಅಂಚಿಗೆ ಸರಿಸುವುದು, ಶೇಂಗಾ ಚಟ್ನಿಯ ಎಣ್ಣೆ ಒರೆಸುವುದು, ಏಪ್ರಿಲಿನ ಬಿಸಿಲಲ್ಲೂ ಸ್ವೆಟರ್, ವಾರಕ್ಕೊಂದು ಹೊಸ ವ್ರತ: ಇದು ಅನೊರೆಕ್ಸಿಯಾ, ದಪ್ಪಗಾಗುವ ಭಯಕ್ಕೆ ಊಟ ಬಿಡುವ ಕಾಯಿಲೆ. ವ್ರತ ಹಿಡಿದವರು ಪಾರಣೆಯ ದಿನ ಖುಷಿಯಿಂದ ಉಣ್ಣುತ್ತಾರೆ. ಇವಳು ಆ ದಿನವೂ ನೆಪ ಹುಡುಕುತ್ತಾಳೇನು, ಗಮನಿಸಿ. ಆಟಿಸಂ ಇರುವವರಲ್ಲಿ ಎರಡೂ ಕೂಡಿ ಬರುವುದುಂಟು.

ಕೆಟಮಿನ್ ಹೊಸ ಅದ್ಭುತವೇನಲ್ಲ. 1970ರಲ್ಲೇ ಅಮೆರಿಕದಲ್ಲಿ ಮಂಜೂರಾದ ಅರಿವಳಿಕೆ ಔಷಧ, ನಮ್ಮ ತಾಲ್ಲೂಕು ಆಸ್ಪತ್ರೆಗಳ ಆಪರೇಷನ್ ಥಿಯೇಟರಿನಲ್ಲೂ ಸಿಗುತ್ತದೆ. ಬೇರೆ ಮಾತ್ರೆಗಳಿಗೆ ಬಗ್ಗದ ಖಿನ್ನತೆಗೆ ಇದರಿಂದ ಪ್ರಯೋಜನವಿದೆ ಎಂಬುದಕ್ಕೆ ಒಳ್ಳೆಯ ಪುರಾವೆ ಇದೆ. ಇದರ ಸೋದರ ಎಸ್‌ಕೆಟಮಿನ್ ಮೂಗಿನ ಸ್ಪ್ರೇಗೆ 2019ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿದ್ದು ಅದಕ್ಕಾಗಿಯೇ. ಊಟದ ಕಾಯಿಲೆಗೆ ಇರುವುದು ಚಿಕ್ಕಚಿಕ್ಕ ವರದಿಗಳು ಮಾತ್ರ. 1998ರಲ್ಲಿ ಬ್ರಿಟನ್ನಿನಲ್ಲಿ 15 ರೋಗಿಗಳಿಗೆ ಗಂಟೆಗೆ 20 ಮಿ.ಗ್ರಾಂ.ನಂತೆ 10 ಗಂಟೆ ಹನಿಸಿ, 9 ಜನರಿಗೆ ಗುಣ ಕಂಡಿತೆಂದು ಬರೆದರು. ಹೋಲಿಸಿ ನೋಡಲು ಬೇರೆ ಗುಂಪೇ ಇರಲಿಲ್ಲ. ಆಟಿಸಂ ಇರುವವರ ಮೇಲೆ ಮೂಗಿನ ಮೂಲಕ ಕೊಟ್ಟು ನಡೆಸಿದ ಸಣ್ಣ ಪರೀಕ್ಷೆಯಲ್ಲಿ, ಜನರಿಂದ ದೂರ ಸರಿಯುವ ಗುಣ ಕಡಿಮೆಯಾಗಲಿಲ್ಲ. ಹಸಿದ ಮಿದುಳಿಗೆ ಮನೋಚಿಕಿತ್ಸೆಯ ಮಾತು ಹಿಡಿಸುವುದೂ ಇಲ್ಲ. ಆದ್ದರಿಂದ ಮೊದಲು ತೂಕ ಏರಬೇಕು. ಏರಿದ ಮೇಲೂ ಖಿನ್ನತೆ ಎರಡು ಬಗೆಯ ಮಾತ್ರೆಗಳಿಗೆ, ಪೂರ್ತಿ ಡೋಸಿಗೆ, ಬಗ್ಗದೆ ಉಳಿದರೆ ಆಗ ಕೆಟಮಿನ್ ಮಾತು ತೆಗೆಯಬಹುದು.

ಆ ದಿನ ಬಂದರೆ ತಪ್ಪುವುದೆಲ್ಲಿ ಎಂದು ಈಗಲೇ ತಿಳಿದಿರಿ. ಖಿನ್ನತೆಯ ಡೋಸ್ ಕೆ.ಜಿ.ಗೆ 0.5 ಮಿ.ಗ್ರಾಂ., ಪಂಪಿನಲ್ಲಿ 40 ನಿಮಿಷ. ಈಗಿನ 36 ಕೆ.ಜಿ. ಲೆಕ್ಕಕ್ಕೆ 18 ಮಿ.ಗ್ರಾಂ. ಮಿ.ಲೀ.ಗೆ 10 ಮಿ.ಗ್ರಾಂ. ಇರುವ ಬಾಟಲಿಯಾದರೆ 1.8 ಮಿ.ಲೀ., 50 ಮಿ.ಗ್ರಾಂ.ನದಾದರೆ 0.36 ಮಿ.ಲೀ. ಬಾಟಲಿ ಅದಲು ಬದಲಾಗಿ 50ರದರಿಂದ 1.8 ಎಳೆದರೆ 90 ಮಿ.ಗ್ರಾಂ. ಹೋಗುತ್ತದೆ, ಅಂದರೆ ಆಪರೇಷನ್ನಿಗೆ ಮಲಗಿಸುವ ಡೋಸ್. ತುಂಬಿದ ಸಿರಿಂಜನ್ನು ಇಬ್ಬರು ಓದಿ ನೋಡುವ ಪದ್ಧತಿ ಇದೆಯೇ ಎಂದು ಕೇಳಿ. ಮುಖ ಸಿಂಡರಿಸಿದರೆ ಎದ್ದು ಬನ್ನಿ.

ಹೊಟ್ಟೆ ಖಾಲಿ ಇರಲಿ ಎಂದು ಹೇಳಿ ಕಳಿಸುತ್ತಾರೆ. ಅನೊರೆಕ್ಸಿಯಾ ಇರುವವಳಿಗೆ ಡಾಕ್ಟರೇ ಉಪವಾಸಕ್ಕೆ ಅಪ್ಪಣೆ ಕೊಟ್ಟಂತಾಗುತ್ತದೆ. ಆದ್ದರಿಂದ ಮುಂಜಾನೆ ಮೊದಲ ಸರದಿ ಕೇಳಿ, ತಪ್ಪಿದ ಊಟವನ್ನು ಅದೇ ದಿನ ತುಂಬಿಸಿ. ಕೆಟಮಿನ್‌ನಿಂದ ವಾಂತಿ ಬರುತ್ತದೆ, ಅದಕ್ಕೆ ಒಂಡಾನ್ಸೆಟ್ರಾನ್ ಚುಚ್ಚುವುದು ರೂಢಿ. ಕದ್ದು ವಾಂತಿ ಮಾಡುವವರಲ್ಲಿ ಪೊಟ್ಯಾಸಿಯಂ ಮೊದಲೇ ಇಳಿದಿರಬಹುದು, ಇಸಿಜಿಯಲ್ಲಿ ಕ್ಯೂಟಿ (ಪ್ರತಿ ಬಡಿತದ ನಂತರ ಹೃದಯ ಮತ್ತೆ ಸಜ್ಜಾಗಲು ಹಿಡಿಯುವ ಹೊತ್ತು) ಉದ್ದವಾಗಿರಬಹುದು. ಅದರ ಮೇಲೆ ಒಂಡಾನ್ಸೆಟ್ರಾನ್ ಬಿದ್ದರೆ ಹೃದಯದ ಲಯವೇ ತಪ್ಪಬಹುದು. ಅದೇ ದಿನದ ಇಸಿಜಿ, ಪೊಟ್ಯಾಸಿಯಂ ನೋಡದೆ ಸೂಜಿ ಚುಚ್ಚಿಸಿಕೊಳ್ಳಬೇಡಿ. ಡೋಸಿಗಾಗಿ ತೂಕ ನೋಡುವಾಗ ಕಾಟಾಕ್ಕೆ ಬೆನ್ನು ಮಾಡಿ ನಿಲ್ಲಿಸಿ, ಅಂಕಿಯನ್ನು ಗಟ್ಟಿಯಾಗಿ ಕೂಗುವ ನರ್ಸಮ್ಮನವರಿಗೆ ಮೊದಲೇ ಹೇಳಿಡಿ. ನಿದ್ದೆಗೆಂದು ಕ್ಲೊನಾಜೆಪಾಮ್ ತಗೊಳ್ಳುತ್ತಿದ್ದರೆ ಕೆಟಮಿನ್ನಿನ ಗುಣ ಮಂಕಾಗಬಹುದು. ಹಾಗೆಂದು ನೀವಾಗಿ ನಿಲ್ಲಿಸಬೇಡಿ.

ಆಟಿಸಂ ಇರುವವರಿಗೆ ಬೇರೆಯದೇ ತಯಾರಿ ಬೇಕು. ಬಿಪಿ ಪಟ್ಟಿ ಆಗಾಗ ಕೈ ಹಿಂಡುವುದನ್ನೇ ಕೆಲವರು ತಡೆಯಲಾರರು, ಹಿಂದಿನ ದಿನವೇ ಕಟ್ಟಿ ರೂಢಿ ಮಾಡಿಸಿ. ಟ್ಯೂಬ್‌ಲೈಟ್ ಆರಿಸಿ. ಔಷಧ ಏರಿದಾಗ ದೇಹ ತನ್ನದಲ್ಲ ಅನ್ನಿಸುತ್ತದೆ, ಮಾತು ನಿಲ್ಲಬಹುದು, ಆದ್ದರಿಂದ ‘ನಿಲ್ಲಿಸಿ’ ಅನ್ನುವುದಕ್ಕೆ ಕೈಸನ್ನೆ ಗೊತ್ತುಮಾಡಿಕೊಳ್ಳಿ. ಎರಡು ಗಂಟೆ ಅಲ್ಲೇ ನಿಗಾ, ಮರುದಿನದವರೆಗೆ ಸ್ಕೂಟರ್ ಬೇಡ. ಮುಖ್ಯವಾದದ್ದು ಆಮೇಲೆ: ಒಂದೆರಡು ದಿನದೊಳಗೆ, ಅವಳನ್ನು ಮೊದಲಿನಿಂದ ಬಲ್ಲ ಮನೋಚಿಕಿತ್ಸಕರೇ ಕೂತು ಮಾತಾಡಬೇಕು. ಅದಿಲ್ಲದೆ ಬರೀ ಔಷಧ ಹನಿಸಿ ಕಳಿಸಿದರೆ ಅದಕ್ಕೆ ಮನೋಚಿಕಿತ್ಸೆ ಎಂಬ ಹೆಸರು ಏಕೆ?

ಅಲ್ಲಿಯವರೆಗೆ ಮನೆಯಲ್ಲಿ ಮೂರು ಊಟ, ಎರಡು ಉಪಾಹಾರ, ನೀವು ಎದುರಿಗೆ ಕೂತು. ಎಷ್ಟು ಬಡಿಸಬೇಕೆಂದು ಡಾಕ್ಟರು ಅಳತೆ ಕೊಟ್ಟ ಮೇಲೆ ಚೌಕಾಸಿ ಇಲ್ಲ. ಊಟವಾದ ಒಂದು ಗಂಟೆ ಒಬ್ಬಳೇ ಬಚ್ಚಲಿಗೆ ಹೋಗಬಾರದು. ಅವಳು ಒಪ್ಪುವ ಪದಾರ್ಥ ನಾಲ್ಕೇ ಇದ್ದರೆ ಆ ನಾಲ್ಕನ್ನೇ ಹೆಚ್ಚಿಸಿ. ಹಿಟ್ಟಿನಲ್ಲಿ ಕದ್ದು ತುಪ್ಪ, ಪ್ರೋಟೀನ್ ಪುಡಿ ಕಲಸುವ ಜಾಣತನ ಬೇಡವೇ ಬೇಡ. ಆಟಿಸಂ ಇರುವ ನಾಲಗೆ ಅದನ್ನು ಮೊದಲ ತುತ್ತಿಗೇ ಹಿಡಿಯುತ್ತದೆ, ನಂಬಿ ತಿನ್ನುತ್ತಿದ್ದ ರೊಟ್ಟಿಯೂ ಅಂದಿಗೆ ಮುಗಿಯಿತು.

ಪ್ರಶ್ನೆ: ಒಂಬತ್ತು ವರ್ಷದ ಮಗನಿಗೆ ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ). ಕೆಟಮಿನ್ ಕೊಡಿಸಬಹುದೇ? — ಅಥಣಿ

ಉತ್ತರ: ಇಲ್ಲ. ಎಡಿಎಚ್‌ಡಿಗೆ ರೂಢಿಯಲ್ಲಿರುವ ಮೀಥೈಲ್‌ಫೆನಿಡೇಟ್‌ಗೆ ಹೆದರಿ ಕೆಟಮಿನ್ ಕೇಳುವುದು ಯಾವ ಲೆಕ್ಕ?

ಪ್ರಶ್ನೆ: ನಾಲಗೆಯಡಿ ಇಡುವ ಕೆಟಮಿನ್ ಗುಳಿಗೆ ಕೊರಿಯರ್‌ನಲ್ಲಿ ಬರುತ್ತದಂತೆ. — ಜಮಖಂಡಿ

ಉತ್ತರ: ತರಿಸಬೇಡಿ. ಇದು ಬಿಗಿ ನಿಯಂತ್ರಣವಿರುವ ಷೆಡ್ಯೂಲ್ ಎಕ್ಸ್ ಔಷಧ, ಚೀಟಿ ಎರಡು ಪ್ರತಿ ಬೇಕು. ಮಾದಕವಸ್ತು ತಡೆಯುವ ಎನ್‌ಡಿಪಿಎಸ್ ಕಾಯ್ದೆಯೂ ಮೇಲಿದೆ. ಪದೇಪದೇ ತಗೊಂಡವರ ಮೂತ್ರಕೋಶ ಕುಗ್ಗಿ, ಉಚ್ಚೆಯಲ್ಲಿ ರಕ್ತ ಬರಬಹುದು.

ಪ್ರಶ್ನೆ: ತೂಕ ಏರಿಸುವ ನಾಟಿ ಪುಡಿ ಕೊಡುತ್ತಿದ್ದೇವೆ, ಮುಖ ತುಂಬಿಕೊಂಡಿದೆ. — ಇಂಡಿ

ಉತ್ತರ: ಮುಖ ಮಾತ್ರ ತುಂಬಿದ್ದರೆ ಸ್ಟೆರಾಯ್ಡ್ ಬೆರೆತಿರುವ ಅನುಮಾನವಿದೆ. ಹಠಾತ್ತನೆ ನಿಲ್ಲಿಸಿದರೂ ಬಿಪಿ ಕುಸಿಯಬಹುದು. ಪುಡಿಯ ಡಬ್ಬಿ ಹಿಡಿದುಕೊಂಡೇ ಇವತ್ತೇ ಡಾಕ್ಟರ ಬಳಿ ಹೋಗಿ.

ಪ್ರಶ್ನೆ: ನಮ್ಮ ಕಡೆ ಎಲ್ಲಿ ತೋರಿಸಬೇಕು? — ಬಾಗಲಕೋಟೆ

ಉತ್ತರ: ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಲ್ಲಿ, ಇಲ್ಲವೇ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಲ್ಲಿ. ಫೋನಿನಲ್ಲಿ ಕೇಳುವುದಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416, ಕನ್ನಡದಲ್ಲೂ ಮಾತಾಡುತ್ತಾರೆ. ಪ್ರಜ್ಞೆ ತಪ್ಪಿದ್ದರೆ ಮೊದಲು 108.