45ರ ವಯಸ್ಸಿನಲ್ಲಿ ‘ನನಗೆ ಗೊತ್ತಿಲ್ಲ’ ಅನ್ನೋದನ್ನು ಕಲಿಯುವುದು ಹೇಗೆ?

ವಯಸ್ಸು 45 ಆಯಿತು, ಕೆಲಸದಲ್ಲಿ ಎಲ್ಲರಿಗಿಂತ ಹಿರಿಯ, ಕಿರಿಯರ ಮುಂದೆ ‘ಗೊತ್ತಿಲ್ಲ’ ಅನ್ನಲು ಬಾಯೇ ಬರುವುದಿಲ್ಲ, ಹೀಗಾದರೆ ಇನ್ನು ಕಲಿಯುವುದು ಯಾವಾಗ ಎಂದು ಕೇಳಿದ್ದೀರಿ. ನಾನು 19 ವರ್ಷಗಳಿಂದ ವಿಜ್ಞಾನ ಪಾಠ ಮಾಡುತ್ತಿದ್ದೇನೆ. ನಿಮ್ಮ ಸಂಕಟ ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವುದು ನಾಲ್ಕು ಸಲ ಹೇಳಿದರೆ ರೂಢಿಯಾಗಿಬಿಡುತ್ತದೆ. ನನ್ನನ್ನು ಹೆಚ್ಚು ಕಾಡಿದ್ದು ಗೊತ್ತಿದೆ ಎಂದುಕೊಂಡಿದ್ದ ವಿಷಯಗಳು. ಅವುಗಳ ಮೇಲೆ ನಮಗೆ ಅನುಮಾನವೇ ಬರುವುದಿಲ್ಲ, ಅಲ್ವಾ?

ವಿಮಾನ ಹೇಗೆ ಹಾರುತ್ತದೆ ಎಂದು ವರ್ಷಗಟ್ಟಲೆ ಒಂದೇ ಥರ ಹೇಳಿಕೊಟ್ಟಿದ್ದೆ. ಬೋರ್ಡಿನ ಮೇಲೆ ರೆಕ್ಕೆಯ ಚಿತ್ರ ಬರೆಯುವುದು. ಮೇಲೆ ಉಬ್ಬು, ಕೆಳಗೆ ಚಪ್ಪಟೆ. ಮೇಲಿನ ಗಾಳಿಗೆ ದಾರಿ ಜಾಸ್ತಿ. ಎರಡೂ ಹಿಂದಿನ ಅಂಚಿಗೆ ಒಟ್ಟಿಗೆ ತಲುಪಬೇಕಲ್ಲ, ಅದಕ್ಕೇ ಮೇಲಿನದು ಜೋರಾಗಿ ಓಡುತ್ತದೆ, ಒತ್ತಡ ಕಡಿಮೆಯಾಗುತ್ತದೆ, ರೆಕ್ಕೆ ಮೇಲೇಳುತ್ತದೆ. ನಮ್ಮ ಮೇಷ್ಟ್ರೂ ಹೀಗೇ ಹೇಳಿಕೊಟ್ಟಿದ್ದರು.

ಒಂದು ದಿನ ಕೊನೆ ಬೆಂಚಿನ ಹುಡುಗಿ ಎದ್ದು ನಿಂತಳು. “ಸರ್, ಎರಡೂ ಒಟ್ಟಿಗೇ ಯಾಕೆ ತಲುಪಬೇಕು? ಒಂದು ಎಲ್ಲಿದೆ ಅಂತ ಇನ್ನೊಂದಕ್ಕೆ ಗೊತ್ತಿರುತ್ತಾ?”

ಚಾಕ್‌ಪೀಸ್ ಹಿಡಿದ ಕೈ ಹಾಗೇ ನಿಂತಿತು. ಉತ್ತರ ಇರಲಿಲ್ಲ. “ಪರೀಕ್ಷೆಗೆ ಇಷ್ಟು ಸಾಕಮ್ಮ, ಕೂತ್ಕೋ” ಎಂದುಬಿಟ್ಟೆ. ಆ ಮಾತು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಅವತ್ತು ರಾತ್ರಿ ಕೂತು ಓದಿದೆ. ಒಟ್ಟಿಗೆ ತಲುಪುವುದೇ ಇಲ್ಲ! ಹೊಗೆ ಬಿಟ್ಟು ಪ್ರಯೋಗ ಮಾಡಿದರೆ ಮೇಲಿನ ಗಾಳಿ ಮೊದಲೇ ದಾಟಿಹೋಗುವುದು ಕಣ್ಣಿಗೆ ಕಾಣುತ್ತದೆ. ಮೇಲೆ ವೇಗ ಜಾಸ್ತಿ, ಒತ್ತಡ ಕಡಿಮೆ ಎನ್ನುವುದೇನೋ ನಿಜ. ಆದರೆ ನಾನು ಕೊಡುತ್ತಿದ್ದ ಕಾರಣ ತಪ್ಪು. ರೆಕ್ಕೆ ಗಾಳಿಯನ್ನು ಬಾಗಿಸಿ ಕೆಳಕ್ಕೆ ತಳ್ಳುತ್ತದೆ, ಗಾಳಿ ರೆಕ್ಕೆಯನ್ನು ಮೇಲಕ್ಕೆ ತಳ್ಳುತ್ತದೆ. ವಿಮಾನ ತಲೆಕೆಳಗಾಗಿ ಹಾರುವುದನ್ನು ಟಿವಿಯಲ್ಲಿ ಎಷ್ಟು ಸಲ ನೋಡಿದ್ದೆ! ಉಬ್ಬು ಕೆಳಗಾದರೂ ಅದು ಬೀಳುವುದಿಲ್ಲವಲ್ಲ ಎಂದು ಒಮ್ಮೆಯೂ ತಾಳೆ ಹಾಕಿ ನೋಡಿರಲಿಲ್ಲ.

ಮರುದಿನ ತರಗತಿಯಲ್ಲಿ, “ನಾನು ಹೇಳಿದ್ದು ತಪ್ಪು, ಇವಳು ಕೇಳಿದ್ದು ಸರಿ” ಎಂದೆ. ನನ್ನ ಮರ್ಯಾದೆ ಎಲ್ಲೂ ಹೋಗಲಿಲ್ಲ. ಅಲ್ಲಿಯವರೆಗೆ ಬಾಯಿ ಬಿಡದ ಮೂರ್ನಾಲ್ಕು ಮಕ್ಕಳು ಆ ವಾರ ಪ್ರಶ್ನೆ ಕೇಳಿದರು.

ಇದು ನನ್ನೊಬ್ಬನ ಕಥೆಯಲ್ಲ. ರೋಜನ್‌ಬ್ಲಿಟ್ ಮತ್ತು ಕೀಲ್ ಎಂಬ ಮನಶ್ಶಾಸ್ತ್ರಜ್ಞರು 2002ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಜಿಪ್, ಬೀಗದಂಥ ವಸ್ತುಗಳು ಹೇಗೆ ಕೆಲಸ ಮಾಡುತ್ತವೆ ಎನ್ನುವುದು ನಿಮಗೆಷ್ಟು ಗೊತ್ತು, ಅಂಕ ಕೊಟ್ಟುಕೊಳ್ಳಿ ಎಂದರು. ಆಮೇಲೆ ಅದನ್ನೇ ಹಂತ ಹಂತವಾಗಿ ಬರೆಯಿರಿ ಎಂದರು. ಬರೆದ ಮೇಲೆ ಜನ ತಮಗೆ ತಾವೇ ಕೊಟ್ಟುಕೊಂಡ ಅಂಕ ಇಳಿಯಿತು. ಮನೆಯಲ್ಲೇ ಮಾಡಿ ನೋಡಿ. ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ವಿಷಯವನ್ನು ಶುರುವಿನಿಂದ ಕೊನೆವರೆಗೆ ಬರೆಯಿರಿ. ಪೆನ್ನು ಎಲ್ಲಿ ನಿಲ್ಲುತ್ತದೋ ಅಲ್ಲಿಂದ ಕಲಿಯಬಹುದು.

ಇನ್ನೊಂದು ಅಭ್ಯಾಸ ನಾನು ಡಾರ್ವಿನ್‌ನಿಂದ ತೆಗೆದುಕೊಂಡೆ. ತನ್ನ ತೀರ್ಮಾನಕ್ಕೆ ವಿರುದ್ಧವಾದದ್ದು ಕಂಡರೆ ಆತ ತಕ್ಷಣ ಬರೆದಿಟ್ಟುಕೊಳ್ಳುತ್ತಿದ್ದ. ಅನುಕೂಲವಾದದ್ದಕ್ಕಿಂತ ಅಂಥದ್ದೇ ಬೇಗ ಮರೆತುಹೋಗುತ್ತದೆ ಎಂದು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. ಎಷ್ಟು ನಿಜವಾದ ಮಾತು! ನಾನೂ ಜೇಬಿನಲ್ಲಿ ಪುಟ್ಟ ನೋಟ್‌ಬುಕ್ ಇಟ್ಟುಕೊಂಡಿದ್ದೇನೆ.

ಕಿರಿಯರ ವಿಷಯಕ್ಕೆ ಬಂದರೆ, ಸುಮ್ನೆ ‘ಗೊತ್ತಿಲ್ಲ’ ಎಂದು ನಿಲ್ಲಿಸಬೇಡಿ. “ನೀನು ಹೇಗೆ ಅಂದುಕೊಂಡಿದ್ದೀಯ, ಹೇಳು” ಎಂದು ಜೊತೆಗೆ ಕೂರಿಸಿಕೊಳ್ಳಿ.

ಈ ವಾರ ನನ್ನ ನೋಟ್‌ಬುಕ್‌ನಲ್ಲಿರುವುದು ಇಷ್ಟು: ಮಂಜುಗಡ್ಡೆ ಯಾಕೆ ಜಾರುತ್ತದೆ? ಮೇಲಿನ ಭಾರದ ಒತ್ತಡಕ್ಕೆ ಕರಗುತ್ತದೆ ಎನ್ನುತ್ತಿದ್ದೆ. ಆದರೆ ತೀರಾ ಹಗುರವಾದ ವಸ್ತುವೂ ಅದರ ಮೇಲೆ ಜಾರುತ್ತದಲ್ಲ? ಅದರ ಬಗ್ಗೆಯೇ ಈಗ ಓದುತ್ತಿದ್ದೇನೆ.