ಪರಮಾಣುಗಳ ಸಂಖ್ಯೆ ಹೆಚ್ಚಿಸಿದರೆ ಸಾಲದೇ, ಎಂಟ್ಯಾಂಗಲ್‌ಮೆಂಟ್ ಏಕೆ ಬೇಕು?

ಪರಮಾಣುಗಳ ಅಲೆಗುಣವನ್ನು ಬಳಸಿ ಗುರುತ್ವವನ್ನು ಅಳೆಯುವ ಪರಮಾಣು ವ್ಯತಿಕರಣಮಾಪಕದಲ್ಲಿ ಹೆಚ್ಚು ಪರಮಾಣುಗಳನ್ನು ಬಳಸಿದರೆ ನಿಖರತೆ ತಾನಾಗಿ ಹೆಚ್ಚುವಾಗ ಎಂಟ್ಯಾಂಗಲ್‌ಮೆಂಟ್ (ಪರಮಾಣುಗಳನ್ನು ಒಂದಕ್ಕೊಂದು ಹೆಣೆಯುವ ಕ್ವಾಂಟಂ ನಂಟು) ಏಕೆ ಬೇಕು, ಇಂಥ ಉಪಕರಣದಿಂದ ಬೀದರಿನ ನೌಬಾದ್ ಕರೇಜ್ ಎಂಬ ಹಳೆಯ ನೀರುಗಾಲುವೆಯಂತೆ ನೆಲದಡಿ ಹುದುಗಿದ ಸುರಂಗಗಳನ್ನು ಪತ್ತೆಹಚ್ಚಬಹುದೇ ಎಂದು ಕೇಳಿದ್ದೀರಿ. ಬೀದರಿನಲ್ಲೇ ಭೌತಶಾಸ್ತ್ರ ಕಲಿಸುತ್ತಿರುವ ನನಗೆ ಎರಡೂ ಮನಸ್ಸಿಗೆ ಹತ್ತಿರವಾದ ಪ್ರಶ್ನೆಗಳು.

1991ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಕಸೆವಿಚ್ ಮತ್ತು ಚು ಅವರು ಸೋಡಿಯಂ ಪರಮಾಣುಗಳ ಮೇಲೆ ತೋರಿಸಿಕೊಟ್ಟ ವಿಧಾನದಲ್ಲಿ, ಲೇಸರ್ ಸ್ಪಂದಗಳು ಪ್ರತಿ ಪರಮಾಣುವಿನ ಅಲೆಯನ್ನು ಎರಡು ದಾರಿಗಳಿಗೆ ಸೀಳಿ ಮತ್ತೆ ಕೂಡಿಸುತ್ತವೆ. ಕೊನೆಗೆ ಪರಮಾಣು ಎರಡು ಸ್ಥಿತಿಗಳಲ್ಲೊಂದರಲ್ಲಿ ಸಿಗುತ್ತದೆ. ಎರಡೂ ಕಡೆ ಎಷ್ಟೆಷ್ಟು ಸಿಕ್ಕವು ಎಂಬ ಎಣಿಕೆಯೇ, ಬೀಳುತ್ತಿರುವ ಪರಮಾಣುಗಳ ಮೇಲಿನ ಗುರುತ್ವವನ್ನು ತಿಳಿಸುತ್ತದೆ; ನೆಲದಡಿ ಟೊಳ್ಳಿದ್ದರೆ ಅಲ್ಲಿ ಗುರುತ್ವ ತುಸು ಕಡಿಮೆ.

ಈ ಎಣಿಕೆಯಲ್ಲೇ ತೊಡಕಿದೆ. ತೊಗರಿಯ ಮೂಟೆಯಿಂದ ಒಂದು ಹಿಡಿ ತೆಗೆದು ಹುಳುಕು ಕಾಳು ಎಣಿಸಿದರೆ ಪ್ರತಿ ಹಿಡಿಗೂ ಲೆಕ್ಕ ಸ್ವಲ್ಪ ಬದಲಾಗುತ್ತದೆ. ಹಾಗೆಯೇ ಒಂದಕ್ಕೊಂದು ಸಂಬಂಧವಿಲ್ಲದ ಹತ್ತು ಲಕ್ಷ ಪರಮಾಣುಗಳಿದ್ದರೆ ಅನಿಶ್ಚಿತತೆ ಸುಮಾರು ಸಾವಿರದಲ್ಲೊಂದು ಪಾಲು. ಅದನ್ನು ಅರ್ಧಕ್ಕಿಳಿಸಲು ನಾಲ್ಕು ಪಟ್ಟು ಪರಮಾಣುಗಳು ಬೇಕು. ಅಷ್ಟನ್ನು ತಂಪಾಗಿಸಿ ಹಿಡಿದಿಡುವುದು ಸುಲಭವಲ್ಲ. ತೊಗರಿ ಕಾಳುಗಳಿಗೆ ಸಾಧ್ಯವೇ ಆಗದ ಕೆಲಸವನ್ನು ಎಂಟ್ಯಾಂಗಲ್‌ಮೆಂಟ್ ಮಾಡುವುದು ಇಲ್ಲಿಯೇ: ಒಂದು ಪರಮಾಣುವಿನ ಏರಿಳಿತವನ್ನು ಇನ್ನೊಂದರ ಏರಿಳಿತ ಸರಿದೂಗಿಸುವಂತೆ ಅವುಗಳನ್ನು ಹೆಣೆಯುತ್ತದೆ. ಸ್ಪಿನ್ ಸ್ಕ್ವೀಜಿಂಗ್ ಎನ್ನುವುದು ಇದನ್ನೇ. ಅನಿಶ್ಚಿತತೆ ಮಾಯವಾಗುವುದಿಲ್ಲ, ನಾವು ಅಳೆಯುವ ದಿಕ್ಕಿನಲ್ಲಿ ಕುಗ್ಗಿ, ಅಳೆಯದ ದಿಕ್ಕಿನಲ್ಲಿ ಹಿಗ್ಗುತ್ತದೆ. 2022ರಲ್ಲಿ ಕೊಲರಾಡೊದ ಜಿಲಾ ಪ್ರಯೋಗಾಲಯದವರು ದರ್ಪಣಗಳ ನಡುವಿನ ಕುಹರದಲ್ಲಿ ರುಬಿಡಿಯಂ ಪರಮಾಣುಗಳನ್ನು ಹೀಗೆ ಹೆಣೆದು, ವ್ಯತಿಕರಣಮಾಪಕವನ್ನು ಪ್ರಮಾಣಿತ ಕ್ವಾಂಟಂ ಮಿತಿಗಿಂತ (ಹೆಣೆಯದ ಪರಮಾಣುಗಳ ಎಣಿಕೆಯ ಏರಿಳಿತ ಹಾಕುವ ಮಿತಿ) 1.7 ಡೆಸಿಬೆಲ್ ಕೆಳಗೆ ನಡೆಸಿದರು. ಅಂಕಿ ಚಿಕ್ಕದಾದರೂ, ದಾರಿ ಸೀಳಿದ ಮೇಲೂ ಹೆಣಿಗೆ ಉಳಿಯಿತು ಎಂಬುದು ನನ್ನ ದೃಷ್ಟಿಯಲ್ಲಿ ಬಹಳ ದೊಡ್ಡ ಸಂಗತಿ.

ಆದರೆ ಕರೇಜ್ ಹುಡುಕುವವರಿಗೆ ಸದ್ಯ ಬೇಕಾದದ್ದು ಇದಲ್ಲ. ಬಯಲಿನಲ್ಲಿ ಎಣಿಕೆಯ ಏರಿಳಿತಕ್ಕಿಂತ ನೆಲದ ಕಂಪನವೇ ಹೆಚ್ಚು ಕಾಡುತ್ತದೆ. 2022ರಲ್ಲೇ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ತಂಡ ಒಂದರ ಮೇಲೊಂದು ಇಟ್ಟ ಎರಡು ಪರಮಾಣು ಗುಂಪುಗಳಲ್ಲಿ ಒಂದೇ ಲೇಸರಿನಿಂದ ಅಳೆದು, ವ್ಯತ್ಯಾಸವನ್ನಷ್ಟೇ ತೆಗೆದುಕೊಂಡು, ಎರಡಕ್ಕೂ ಸಮಾನವಾದ ಕಂಪನವನ್ನು ಕಳೆದುಹಾಕಿ ರಸ್ತೆಯಡಿಯ ಸುರಂಗವನ್ನು ಗುರುತಿಸಿತು. ಸ್ಕ್ವೀಜಿಂಗ್ ಅಲ್ಲಿರಲಿಲ್ಲ. ಇನ್ನೊಂದು ಮಾತು: ಗುರುತ್ವದ ಸಂಕೇತವು ಲೇಸರ್ ಸ್ಪಂದಗಳ ನಡುವಣ ಕಾಲದ ವರ್ಗಕ್ಕೆ ಅನುಗುಣವಾಗಿ ಬೆಳೆಯುವುದರಿಂದ, ಪರಮಾಣುಗಳು ಬೀಳುವ ಆ ಕಾಲವನ್ನು ಎರಡು ಪಟ್ಟು ಮಾಡಿದರೆ ಸಂಕೇತ ನಾಲ್ಕು ಪಟ್ಟಾಗುತ್ತದೆ. ನೌಬಾದಿನ ಜಂಬಿಟ್ಟಿಗೆಯ ನೆಲದ ಮೇಲೆ ಇಂಥ ಉಪಕರಣ ಇಡುವ ದಿನ ಬಂದರೆ, ಮೊದಲು ಕಂಪನವನ್ನು ಕಳೆಯುವ ಏರ್ಪಾಡು, ಆಮೇಲೆ ಈ ಕಾಲ, ಕೊನೆಗೆ ಹೆಣಿಗೆ ಎಂಬ ಕ್ರಮದಲ್ಲೇ ನಾನು ದುಡಿಯುತ್ತೇನೆ.